ಹೈಡ್ರೋಜನ್ ಸೇರಿಸಿದರೆ ಕ್ಲೋರಿನ್ ಎಲ್ಲಿ ಹೋಯಿತು?

ನಾನು ಕಾಮರ್ಸ್ ವಿದ್ಯಾರ್ಥಿ. ಈ ಸಂಚಿಕೆಗೆ ಕೆಮಿಸ್ಟ್ರಿ ಪಾಠ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳೆಯರು ನಕ್ಕರು. ನಗಲಿ. ಇದನ್ನು ಬರೆಯಲು ನನಗೆ ಎರಡು ಕಾರಣಗಳಿವೆ. ಒಂದು, ನನ್ನ ಆಪಾ ಒಂದು ಪರೀಕ್ಷೆಯಲ್ಲಿ ಕಳೆದುಕೊಂಡ ಐದು ಅಂಕ. ಇನ್ನೊಂದು, ನನ್ನ ಭಾಯಿಯ ಅಂಗಡಿಗೆ ಬಂದ ಒಂದು ಗ್ಯಾಸ್ ಸಿಲಿಂಡರಿನ ಬೆಲೆ. ಎರಡಕ್ಕೂ ಉತ್ತರ ಒಂದೇ ಕ್ರಿಯೆಯಲ್ಲಿದೆ ಎಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ನಿಮಗೆ ಹದಿನೈದು ನಿಮಿಷ ಸಾಕು.

ಐದು ಅಂಕದ ಕಥೆ

ಆಪಾ ನೀಟ್ ಪರೀಕ್ಷೆಗೆ ಎರಡನೇ ಸಲ ತಯಾರಿ ನಡೆಸುತ್ತಿದ್ದಾಳೆ. ಮನೆಯಲ್ಲಿ ಮೂರನೇ ಸಲದ ಮಾತಿಲ್ಲ. ಅವಳು ಹೋಗುವ ಕೋಚಿಂಗ್‌ನಲ್ಲಿ ಒಂದು ಟೆಸ್ಟ್ ಇತ್ತು. ಅದರಲ್ಲಿ ಬಂದ ಪ್ರಶ್ನೆ ಇಷ್ಟೇ: ವಿನೈಲ್ ಕ್ಲೋರೈಡ್ ಪೆಲ್ಲಾಡಿಯಂ ಸಮ್ಮುಖದಲ್ಲಿ ಹೈಡ್ರೋಜನ್ ಜೊತೆ ವರ್ತಿಸಿದಾಗ ಸಿಗುವ ವಸ್ತು ಯಾವುದು? ಆಪಾ ‘ಈಥೇನ್’ ಎಂದು ಗುರುತು ಹಾಕಿದಳು. ಉತ್ತರಪಟ್ಟಿಯಲ್ಲಿ ಇದ್ದದ್ದು ‘ಕ್ಲೋರೋಈಥೇನ್’. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಲೆಕ್ಕ ಹಾಕಿದರೆ ಒಂದು ಗುರುತಿನಲ್ಲಿ ಐದು ಅಂಕದ ವ್ಯತ್ಯಾಸ.

ಕೇಳಲು ಹೋದಾಗ, ಇದು ಸರಳ ಸಂಕಲನ ಕ್ರಿಯೆ, ಸುಮ್ಮನೆ ಹೆಚ್ಚು ಯೋಚಿಸಬೇಡ ಎಂಬ ಉತ್ತರ ಬಂತಂತೆ. ಮನೆಗೆ ಬಂದವಳು "ನನಗೆ ಯೋಚಿಸಲಿಕ್ಕೇ ಬರುವುದಿಲ್ಲ" ಎಂದು ಪುಸ್ತಕ ಮುಚ್ಚಿಟ್ಟಳು. ಎರಡು ದಿನ ತೆರೆಯಲಿಲ್ಲ. ಅಮ್ಮಿ ಊಟಕ್ಕೆ ಕರೆದರೂ ಮಾತಿಲ್ಲ. ಮೂರನೇ ದಿನ ನಾನು ಅವಳ ಪುಸ್ತಕ ತೆಗೆದುಕೊಂಡು ಓದಲು ಕುಳಿತೆ. ಅವಳ ಉತ್ತರ ತಪ್ಪಾಗಿದ್ದರೆ ಎಲ್ಲಿ ತಪ್ಪು ಎಂದಾದರೂ ತಿಳಿಯಬೇಕಿತ್ತು.

ಹತ್ತನೇ ತರಗತಿಯಿಂದ ಶುರು ಮಾಡೋಣ

ಹೈಡ್ರೋಜನೀಕರಣ ನಮಗೆ ಯಾರಿಗೂ ಹೊಸದಲ್ಲ. ಕಾಮರ್ಸ್, ಆರ್ಟ್ಸ್ ಯಾವುದೇ ಇರಲಿ, ಹತ್ತನೇ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠವನ್ನು ನಾವೆಲ್ಲ ಓದಿಯೇ ಬಂದಿದ್ದೇವೆ. ಸಸ್ಯಜನ್ಯ ಎಣ್ಣೆಯಲ್ಲಿ ಕಾರ್ಬನ್ ಕಾರ್ಬನ್ ನಡುವೆ ದ್ವಿಬಂಧಗಳಿರುತ್ತವೆ. ನಿಕ್ಕಲ್ ಪುಡಿ ಹಾಕಿ ಹೈಡ್ರೋಜನ್ ಹಾಯಿಸಿದರೆ ದ್ವಿಬಂಧ ತೆರೆದುಕೊಂಡು ಎರಡು ಹೈಡ್ರೋಜನ್ ಪರಮಾಣುಗಳನ್ನು ತೆಗೆದುಕೊಳ್ಳುತ್ತದೆ. ಎಣ್ಣೆ ಗಟ್ಟಿಯಾಗಿ ವನಸ್ಪತಿ ಆಗುತ್ತದೆ. ಫ್ರಾನ್ಸಿನ ಪಾಲ್ ಸಬಾಟಿಯೇ 1897ರಲ್ಲಿ ಎಥಿಲೀನ್ ಅನಿಲದ ಮೇಲೆ ನಿಕ್ಕಲ್ ಬಳಸಿ ಇದನ್ನು ತೋರಿಸಿದರು, 1912ರಲ್ಲಿ ಅವರಿಗೆ ನೊಬೆಲ್ ಬಂತು. ಎಣ್ಣೆಗೆ ಇದೇ ವಿಧಾನವನ್ನು ತಂದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್.

ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಹೈಡ್ರೋಜನ್ ಅಣು ಲೋಹಕ್ಕೆ ಅಂಟಿದ ಕೂಡಲೇ ಎರಡು ಹೋಳಾಗುತ್ತದೆ. ದ್ವಿಬಂಧವೂ ಪಕ್ಕದಲ್ಲೇ ಬಂದು ಕೂರುತ್ತದೆ. ಮೊದಲು ಒಂದು ಹೈಡ್ರೋಜನ್ ಸೇರುತ್ತದೆ, ಆಮೇಲೆ ಎರಡನೆಯದು. ಎರಡೂ ಒಟ್ಟಿಗೆ ಸೇರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಈ ವಿವರಣೆಯನ್ನು ಹೊರಿಯುತಿ ಮತ್ತು ಪೊಲಾನಿ ಎಂಬ ಇಬ್ಬರು ವಿಜ್ಞಾನಿಗಳು 1934ರಲ್ಲಿ ಕೊಟ್ಟರು. ಒಂದು ಹೈಡ್ರೋಜನ್ ಸೇರಿ, ಇನ್ನೊಂದಕ್ಕೆ ಕಾಯುತ್ತಾ ಅಣು ಲೋಹಕ್ಕೆ ಅಂಟಿಕೊಂಡಿರುವ ಆ ಅರ್ಧ ದಾರಿಯಲ್ಲೇ ನಮ್ಮ ಕಥೆಯ ತಿರುವು ಇದೆ.

ದ್ವಿಬಂಧದ ಪಕ್ಕ ಹ್ಯಾಲೋಜನ್ ಇದ್ದರೆ?

ಎಥಿಲೀನ್‌ನಲ್ಲಿ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ. ಅಲ್ಲಿ ಹೈಡ್ರೋಜನ್‌ಗೆ ಒಂದೇ ಕೆಲಸ. ಒಂದು ಹೈಡ್ರೋಜನ್ ತೆಗೆದು ಅಲ್ಲಿ ಕ್ಲೋರಿನ್ ಇಟ್ಟರೆ ವಿನೈಲ್ ಕ್ಲೋರೈಡ್. ಪಿವಿಸಿ ಪೈಪ್ ತಯಾರಾಗುವುದು ಇದರಿಂದಲೇ. ಈಗ ಲೋಹದ ಮೇಲೆ ಎರಡು ಕೆಲಸಗಳಿಗೆ ಪೈಪೋಟಿ.

ಮೊದಲ ದಾರಿ, ಸಂಕಲನ:
ವಿನೈಲ್ ಕ್ಲೋರೈಡ್ + ಹೈಡ್ರೋಜನ್ → ಕ್ಲೋರೋಈಥೇನ್

ಎರಡನೇ ದಾರಿ, ಕ್ಲೋರಿನ್ ಕಳಚುವುದು:
ವಿನೈಲ್ ಕ್ಲೋರೈಡ್ + ಹೈಡ್ರೋಜನ್ → ಎಥಿಲೀನ್ + ಹೈಡ್ರೋಜನ್ ಕ್ಲೋರೈಡ್
ಎಥಿಲೀನ್ + ಹೈಡ್ರೋಜನ್ → ಈಥೇನ್

ಎರಡನೇ ದಾರಿಗೆ ಹೈಡ್ರೋಜಿನಾಲಿಸಿಸ್ ಎಂದು ಹೆಸರು. ಹೈಡ್ರೋಜನ್ ಬಂದು ಬಂಧವನ್ನು ಕಡಿಯುವುದು ಎಂದರ್ಥ. ಆಪಾ ಬರೆದ ಉತ್ತರ ಈ ದಾರಿಯದು. ಅವಳು ಊಹೆಯಿಂದ ಗುರುತು ಹಾಕಿರಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ರೋಸೆನ್‌ಮುಂಡ್ ಅಪಕರ್ಷಣ ಇದೆ. ಆಸಿಡ್ ಕ್ಲೋರೈಡ್, ಹೈಡ್ರೋಜನ್, ಬೇರಿಯಂ ಸಲ್ಫೇಟ್ ಮೇಲಿನ ಪೆಲ್ಲಾಡಿಯಂ, ಸಿಗುವುದು ಆಲ್ಡಿಹೈಡ್. ಅಲ್ಲಿ ನಡೆಯುವುದೇನು? ಕ್ಲೋರಿನ್ ಹೋಗಿ ಆ ಜಾಗಕ್ಕೆ ಹೈಡ್ರೋಜನ್ ಬರುತ್ತದೆ. ಪೆಲ್ಲಾಡಿಯಂ ಅಲ್ಲಿ ಕ್ಲೋರಿನ್ ತೆಗೆಯುತ್ತದೆ ಎಂದರೆ ಇಲ್ಲಿ ಯಾಕೆ ತೆಗೆಯಬಾರದು ಎಂಬುದು ಅವಳ ತರ್ಕ. ಒಳ್ಳೆಯ ತರ್ಕ.

ಇಲ್ಲಿ ಒಂದು ಗೊಂದಲ ಬರಬಹುದು. ವಿನೈಲ್ ಕ್ಲೋರೈಡ್‌ನಲ್ಲಿ ಕಾರ್ಬನ್ ಕ್ಲೋರಿನ್ ಬಂಧ ಗಟ್ಟಿ, ಅಷ್ಟು ಸುಲಭವಾಗಿ ಕ್ಲೋರಿನ್ ಬಿಡುವುದಿಲ್ಲ ಎಂದು ಪುಸ್ತಕವೇ ಹೇಳುತ್ತದಲ್ಲ? ಹೌದು. ಆದರೆ ಆ ಮಾತು ಪರ್ಯಾಯ ಕ್ರಿಯೆಗಳಿಗೆ, ಅಂದರೆ ದ್ರಾವಣದಲ್ಲಿ ಒಂದು ಗುಂಪು ಬಂದು ಕ್ಲೋರಿನ್ ಅನ್ನು ಹೊರದಬ್ಬುವ ಕ್ರಿಯೆಗಳಿಗೆ ಅನ್ವಯಿಸುತ್ತದೆ. ಲೋಹದ ಮೇಲ್ಮೈಯಲ್ಲಿ ಲೆಕ್ಕ ಬೇರೆ. ದ್ವಿಬಂಧ ಅಣುವನ್ನು ಎಳೆದು ತಂದು ಲೋಹದ ಮೇಲೆ ಮಲಗಿಸುತ್ತದೆ. ಆಗ ಕ್ಲೋರಿನ್ ಕೂಡ ಲೋಹದ ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಒಂದು ಹೈಡ್ರೋಜನ್ ಸೇರಿದ ಅರ್ಧ ದಾರಿಯಲ್ಲಿ ಒಂದು ಕಾರ್ಬನ್ ಲೋಹಕ್ಕೆ ಅಂಟಿದೆ, ಪಕ್ಕದ ಕಾರ್ಬನ್ ಮೇಲೆ ಕ್ಲೋರಿನ್ ಕೂತಿದೆ ಎಂದುಕೊಳ್ಳಿ. ಲೋಹ ಕ್ಲೋರಿನ್ ಅನ್ನು ಎಳೆದುಕೊಂಡರೆ ದ್ವಿಬಂಧ ಮರಳಿ ಹುಟ್ಟುತ್ತದೆ. ಹೀಗಾಗಿ ದ್ವಿಬಂಧದ ಮೇಲಿರುವ ಅಥವಾ ಅದರ ಪಕ್ಕದ ಕಾರ್ಬನ್ ಮೇಲಿರುವ ಹ್ಯಾಲೋಜನ್, ಸಾಮಾನ್ಯ ಆಲ್ಕೈಲ್ ಹ್ಯಾಲೈಡ್‌ನಲ್ಲಿ ಇರುವುದಕ್ಕಿಂತ ಸುಲಭವಾಗಿ ಹೋಗುತ್ತದೆ.

ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ?

ಪುಸ್ತಕದಲ್ಲಿ ಮೀಥೈಲ್ ಹ್ಯಾಲೈಡ್‌ಗಳ ಬಂಧ ಶಕ್ತಿಯ ಒಂದು ಪಟ್ಟಿ ಇದೆ. ಒಂದು ಮೋಲ್‌ಗೆ ಇಷ್ಟು ಕಿಲೋಜೂಲ್:

ಕಾರ್ಬನ್–ಫ್ಲೋರಿನ್: 452
ಕಾರ್ಬನ್–ಕ್ಲೋರಿನ್: 351
ಕಾರ್ಬನ್–ಬ್ರೋಮಿನ್: 293
ಕಾರ್ಬನ್–ಅಯೋಡಿನ್: 234

ಬಂಧ ಬಲವಾದಷ್ಟೂ ಕಡಿಯುವುದು ಕಷ್ಟ. ಆದ್ದರಿಂದ ಅಯೋಡಿನ್ ಬೇಗ ಹೋಗುತ್ತದೆ, ನಂತರ ಬ್ರೋಮಿನ್, ನಂತರ ಕ್ಲೋರಿನ್. ಫ್ಲೋರಿನ್ ಎಲ್ಲರಿಗಿಂತ ಗಟ್ಟಿಯಾಗಿ ಕೂರುತ್ತದೆ. ಪ್ರಥಮ ಪಿಯುಸಿ ಪುಸ್ತಕದಲ್ಲಿ ಸತು ಮತ್ತು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಆಲ್ಕೈಲ್ ಹ್ಯಾಲೈಡ್ ಅನ್ನು ಆಲ್ಕೇನ್ ಮಾಡುವ ವಿಧಾನ ಕೊಟ್ಟಿದ್ದಾರೆ. ಅಲ್ಲಿ ಆವರಣದೊಳಗೆ ಫ್ಲೋರೈಡ್‌ಗಳನ್ನು ಬಿಟ್ಟು ಎಂದು ಬರೆದಿದೆ. ನಾವು ಆವರಣದೊಳಗಿನ ಮಾತನ್ನು ಓದುವುದೇ ಇಲ್ಲ. ಈ ಪಾಠದ ಅರ್ಧ ಭಾಗ ಆ ಆವರಣದಲ್ಲೇ ಇತ್ತು.

ಹ್ಯಾಲೋಜನ್ ಯಾವುದು ಎಂಬುದರ ಜೊತೆಗೆ ಇನ್ನೂ ಎರಡು ಸಂಗತಿ ನೋಡಬೇಕು.

ಒಂದು, ಲೋಹ. ಪೆಲ್ಲಾಡಿಯಂ ಹ್ಯಾಲೋಜನ್ ಕಳಚುವುದರಲ್ಲಿ ಮುಂದು. ದ್ವಿಬಂಧ ಮಾತ್ರ ತುಂಬಬೇಕು, ಕ್ಲೋರಿನ್ ಉಳಿಯಬೇಕು ಎಂದಾದರೆ ಸಾಮಾನ್ಯವಾಗಿ ಪ್ಲಾಟಿನಂ ಅಥವಾ ರೋಡಿಯಂ ಕಡೆ ಹೋಗುತ್ತಾರೆ.

ಎರಡು, ಪ್ರತ್ಯಾಮ್ಲ. ಕ್ಲೋರಿನ್ ಕಳಚಿದಾಗ ಹೈಡ್ರೋಜನ್ ಕ್ಲೋರೈಡ್ ಹುಟ್ಟುತ್ತದೆ. ಅದು ಲೋಹದ ಮೇಲೆ ಕೂತು ಜಾಗ ಹಿಡಿದು ಕೆಲಸ ನಿಧಾನ ಮಾಡುತ್ತದೆ. ಪ್ರತ್ಯಾಮ್ಲ ಹಾಕಿದರೆ ಅದು ಈ ಆಮ್ಲವನ್ನು ಹಿಡಿದುಕೊಳ್ಳುತ್ತದೆ, ಕಳಚುವ ಕೆಲಸಕ್ಕೆ ವೇಗ ಬರುತ್ತದೆ. ಕ್ಲೋರಿನ್ ಬೇಡವೆಂದರೆ ಪ್ರತ್ಯಾಮ್ಲ ಸೇರಿಸಿ, ಬೇಕೆಂದರೆ ಸೇರಿಸಬೇಡಿ.

ಸಿಲಿಂಡರಿನ ಬೆಲೆ

ಈಗ ಭಾಯಿಯ ಅಂಗಡಿಗೆ ಬನ್ನಿ. ಭಾಯಿ ಕಾರ್ ಎಸಿ ರಿಪೇರಿ ಮಾಡುತ್ತಾನೆ. ಬಿಲ್ ಮತ್ತು ಖರೀದಿ ಪುಸ್ತಕ ಬರೆಯುವುದು ನನ್ನ ಕೆಲಸ. ಅಂಗಡಿಯಲ್ಲಿ ದಿನವೂ ತುಂಬುವುದು ಆರ್-134ಎ ಎಂಬ ಗ್ಯಾಸ್. ಒಮ್ಮೆ ಹೊರದೇಶದಿಂದ ತಂದ ಒಂದು ಕಾರು ಬಂತು. ಅದಕ್ಕೆ ಬೇಕಾದದ್ದು ಆರ್-1234ವೈಎಫ್. ಭಾಯಿ ಬೆಂಗಳೂರಿನಿಂದ ಸಿಲಿಂಡರ್ ತರಿಸಿದ. ಇನ್‌ವಾಯ್ಸ್ ನೋಡಿ ಯಾರೋ ಒಂದು ಸೊನ್ನೆ ಹೆಚ್ಚು ಒತ್ತಿದ್ದಾರೆ ಎಂದುಕೊಂಡೆ. "ಸೊನ್ನೆ ಸರಿಯಾಗಿಯೇ ಇದೆ, ಗ್ಯಾಸೇ ಅಷ್ಟು ದುಬಾರಿ" ಎಂದ ಭಾಯಿ. ಯಾಕೆ ದುಬಾರಿ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಮೊದಲು ಈ ಗ್ಯಾಸ್ ಯಾಕೆ ಬಂತು ಎಂದು ನೋಡೋಣ. ಹಿಂದೆ ಕಾರುಗಳಲ್ಲಿ ಇದ್ದದ್ದು ಆರ್-12. ಅದರಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ಹಾಳು ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತ ಹಂತವಾಗಿ ಬಿಟ್ಟರು. ಅದರ ಜಾಗಕ್ಕೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ಅಪಾಯವಿಲ್ಲ. ಆದರೆ ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಈ ಅಳತೆ 150ಕ್ಕಿಂತ ಹೆಚ್ಚಿರುವ ಗ್ಯಾಸ್ ಹೊಸ ಕಾರುಗಳಲ್ಲಿ ಇರಬಾರದು ಎಂದು ಯುರೋಪಿಯನ್ ಒಕ್ಕೂಟ ನಿಯಮ ಮಾಡಿತು. 2017ರಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅದು ಅನ್ವಯ. ಆರ್-1234ವೈಎಫ್‌ನಲ್ಲಿ ದ್ವಿಬಂಧ ಇರುವುದರಿಂದ ಗಾಳಿಯಲ್ಲಿ ಬೇಗ ಒಡೆದುಹೋಗುತ್ತದೆ, ಆ ಅಳತೆ 5ಕ್ಕಿಂತ ಕಡಿಮೆ.

ಇದರ ರಾಸಾಯನಿಕ ಹೆಸರು 2,3,3,3-ಟೆಟ್ರಾಫ್ಲೋರೋಪ್ರೊಪೀನ್. ಪ್ರೊಪೀನ್ ಎಂದರೆ ಮೂರು ಕಾರ್ಬನ್, ಒಂದು ದ್ವಿಬಂಧ. ಟೆಟ್ರಾಫ್ಲೋರೋ ಎಂದರೆ ನಾಲ್ಕು ಫ್ಲೋರಿನ್. ಅಂದರೆ ಇದೂ ಹ್ಯಾಲೋಜನ್ ಇರುವ ಆಲ್ಕೀನ್! ಇದನ್ನು ತಯಾರಿಸುವ ಒಂದು ದಾರಿ ಹೆಕ್ಸಾಫ್ಲೋರೋಪ್ರೊಪೀನ್‌ನಿಂದ ಶುರುವಾಗುತ್ತದೆ. ಅದರಲ್ಲಿ ಆರು ಫ್ಲೋರಿನ್ ಇವೆ, ಹೈಡ್ರೋಜನ್ ಒಂದೂ ಇಲ್ಲ. ನಾನು ಇದಕ್ಕೆ ಒಂದು ಲೆಡ್ಜರ್ ಹಾಕಿದೆ. ಮೂರು ಕಾರ್ಬನ್ ಕೊನೆಯವರೆಗೂ ಹಾಗೇ ಇರುತ್ತವೆ, ಉಳಿದ ಎರಡು ಖಾತೆ ಮಾತ್ರ ನೋಡಿ.

ಆರಂಭದ ಶಿಲ್ಕು: ಹೈಡ್ರೋಜನ್ 0, ಫ್ಲೋರಿನ್ 6
ಹಂತ 1. ಪೆಲ್ಲಾಡಿಯಂ ಮೇಲೆ ಹೈಡ್ರೋಜನ್ ಸೇರಿಸು: ಹೈಡ್ರೋಜನ್ 2, ಫ್ಲೋರಿನ್ 6
ಹಂತ 2. ಒಂದು ಹೈಡ್ರೋಜನ್ ಫ್ಲೋರೈಡ್ ತೆಗೆ: ಹೈಡ್ರೋಜನ್ 1, ಫ್ಲೋರಿನ್ 5
ಹಂತ 3. ಮತ್ತೆ ಹೈಡ್ರೋಜನ್ ಸೇರಿಸು: ಹೈಡ್ರೋಜನ್ 3, ಫ್ಲೋರಿನ್ 5
ಹಂತ 4. ಮತ್ತೆ ಹೈಡ್ರೋಜನ್ ಫ್ಲೋರೈಡ್ ತೆಗೆ: ಹೈಡ್ರೋಜನ್ 2, ಫ್ಲೋರಿನ್ 4

ಲೆಕ್ಕ ತಾಳೆಯಾಯಿತು. ಪ್ರತಿ ಸಂಕಲನದಲ್ಲಿ ದ್ವಿಬಂಧ ಮುಚ್ಚುತ್ತದೆ, ಪ್ರತಿ ಬಾರಿ ಹೈಡ್ರೋಜನ್ ಫ್ಲೋರೈಡ್ ತೆಗೆದಾಗ ದ್ವಿಬಂಧ ಮರಳಿ ಬರುತ್ತದೆ. ಈಗ ಹಂತ 1 ಮತ್ತು 3ನ್ನು ಇನ್ನೊಮ್ಮೆ ನೋಡಿ. ಅವು ಆಪಾಳ ಪ್ರಶ್ನೆಯ ಅಕ್ಕತಂಗಿಯರು. ಅದೇ ಪೆಲ್ಲಾಡಿಯಂ, ಅದೇ ಹೈಡ್ರೋಜನ್, ಅದೇ ರೀತಿ ದ್ವಿಬಂಧದ ಮೇಲೆ ಹ್ಯಾಲೋಜನ್. ಆದರೆ ಇಲ್ಲಿ ಮುಖ್ಯವಾಗಿ ನಡೆಯುವುದು ಸಂಕಲನ, ಯಾಕೆಂದರೆ ಇರುವುದು ಫ್ಲೋರಿನ್. ಫ್ಲೋರಿನ್ ಎಂದೂ ಕಳಚುವುದಿಲ್ಲ ಎಂದಲ್ಲ; ಪರಿಸ್ಥಿತಿ ಕಠಿಣವಾದರೆ ಅದೂ ಹೋಗಬಹುದು. ಆದರೆ ಕ್ಲೋರಿನ್‌ನಷ್ಟು ಸುಲಭವಾಗಿ ಅಲ್ಲ. ಹೆಕ್ಸಾಫ್ಲೋರೋಪ್ರೊಪೀನ್‌ನಿಂದ ಹೊರಡುವ ಈ ದಾರಿ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಬೆಲೆಯ ಗುಟ್ಟೂ ಇಲ್ಲೇ ಸ್ವಲ್ಪ ಬಿಟ್ಟುಕೊಡುತ್ತದೆ. ನಾಲ್ಕು ಹಂತ, ಎರಡು ಕಡೆ ಅಮೂಲ್ಯ ಲೋಹ, ಎರಡು ಕಡೆ ಗಾಜನ್ನೂ ಕರಗಿಸುವ ಹೈಡ್ರೋಜನ್ ಫ್ಲೋರೈಡ್ ಅನ್ನು ಸುರಕ್ಷಿತವಾಗಿ ಹಿಡಿದಿಡುವ ಕೆಲಸ. ಇದರ ಮೇಲೆ ಪೇಟೆಂಟ್ ಖರ್ಚು. ಹೈಡ್ರೋಜನೀಕರಣವಿಲ್ಲದೆ, ಕ್ಲೋರಿನ್ ಇರುವ ಪ್ರೊಪೀನ್‌ನಿಂದ ಹೊರಡುವ ಇನ್ನೊಂದು ದಾರಿಯೂ ಉದ್ಯಮದಲ್ಲಿದೆ. ಅದರಲ್ಲೂ ಹಂತಗಳು ಕಡಿಮೆಯಿಲ್ಲ. ಕಾಸ್ಟ್ ಶೀಟ್ ಓದಲು ಕೆಮಿಸ್ಟ್ರಿಯೂ ಬೇಕು ಎಂದು ನನಗೆ ಅಂದು ಅರ್ಥವಾಯಿತು.

ಕಳಚುವುದೇ ಬೇಕಾದಾಗ

ಕ್ಲೋರಿನ್ ಹೋಗುವುದು ಯಾವಾಗಲೂ ತೊಂದರೆಯೇ? ಅಲ್ಲ. ಟ್ರೈಕ್ಲೋರೋಎಥಿಲೀನ್ ಎಂಬ ದ್ರವವನ್ನು ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ದಶಕಗಳ ಕಾಲ ಬಳಸಿದರು. ಅದು ನೆಲಕ್ಕಿಳಿದು ಅಂತರ್ಜಲ ಸೇರಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಅದು. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಅದಕ್ಕೆ ಇರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ ಮಾತ್ರ. ಆ ನೀರಿಗೆ ಹೈಡ್ರೋಜನ್ ಕರಗಿಸಿ ಪೆಲ್ಲಾಡಿಯಂ ಮೇಲೆ ಹಾಯಿಸಿದರೆ:

ಟ್ರೈಕ್ಲೋರೋಎಥಿಲೀನ್ + 4 ಹೈಡ್ರೋಜನ್ ಅಣು → ಈಥೇನ್ + 3 ಹೈಡ್ರೋಜನ್ ಕ್ಲೋರೈಡ್

ಇದಕ್ಕೆ ಒಲೆ ಬೇಡ, ನೀರಿನ ಸಹಜ ಉಷ್ಣತೆಯೇ ಸಾಕು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ಆವರಣದಲ್ಲಿ ಬಾವಿಯೊಳಗೇ ಪೆಲ್ಲಾಡಿಯಂ ಇಟ್ಟು ಇದನ್ನು ಮಾಡಿ ನೋಡಿದ್ದಾರೆ. ಗಮನಿಸಿ: ಟೆಸ್ಟ್‌ನಲ್ಲಿ ‘ತಪ್ಪು’ ಎನಿಸಿಕೊಂಡ ಆಪಾಳ ದಾರಿಯೇ ಇಲ್ಲಿ ನೀರನ್ನು ಶುದ್ಧ ಮಾಡುತ್ತಿದೆ.

ಹಾಗಾದರೆ ಯಾರು ಸರಿ?

ನಾನು ಇದನ್ನೆಲ್ಲ ಬರೆದುಕೊಂಡು ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ಹತ್ತಿರ ಹೋದೆ. ಅವರು ಓದಿ ಹೇಳಿದ್ದು ಇಷ್ಟು: "ಪ್ರಶ್ನೆಯೇ ಅರ್ಧ ಇದೆ. ಎಷ್ಟು ಹೈಡ್ರೋಜನ್, ಪ್ರತ್ಯಾಮ್ಲ ಇದೆಯೋ ಇಲ್ಲವೋ ಎಂದು ಹೇಳಿಲ್ಲ. ಏನೂ ಹೇಳದಿದ್ದಾಗ ಪರೀಕ್ಷೆ ಬಯಸುವುದು ಸಂಕಲನದ ಉತ್ತರವನ್ನು. ಆದರೆ ನಿಮ್ಮ ಅಕ್ಕ ಯೋಚಿಸಿದ್ದು ತಪ್ಪಲ್ಲ ಎಂದು ಅವಳಿಗೆ ಹೇಳು."

ಅಂಕ ಮರಳಿ ಬರಲಿಲ್ಲ. ಅದು ಆ ಟೆಸ್ಟಿನ ಲೆಕ್ಕ, ಮುಗಿಯಿತು. ಮೇಡಂ ಹೇಳಿದ್ದನ್ನು ನಾನು ರಾತ್ರಿ ಆಪಾಗೆ ಹೇಳಿದೆ. ಅವಳು ನನ್ನ ಲೆಡ್ಜರ್ ತೆಗೆದುಕೊಂಡು ನೋಡಿ, "ಹಂತ 2ರಲ್ಲಿ ಯಾವ ಕಾರ್ಬನ್‌ನಿಂದ ಫ್ಲೋರಿನ್ ಹೋಯಿತು ಎಂದು ಬರೆದೇ ಇಲ್ಲವಲ್ಲ" ಎಂದು ನನ್ನ ತಪ್ಪು ಹಿಡಿದಳು. ಪೆನ್ಸಿಲ್ ತೆಗೆದುಕೊಂಡು ರಚನೆ ಬಿಡಿಸಲು ಕುಳಿತಳು. ಅದು ಕೊನೆಯ ಕಾರ್ಬನ್‌ನಿಂದ ಹೋಗುತ್ತದೆಯಂತೆ.

ನೆನಪಿಡಬೇಕಾದ್ದು

1. ಹ್ಯಾಲೋಜನ್ ಇರುವ ಆಲ್ಕೀನ್‌ಗೆ ಹೈಡ್ರೋಜನ್ ಸೇರಿಸುವಾಗ ಎರಡು ದಾರಿ ಇವೆ: ಸಂಕಲನ ಮತ್ತು ಹ್ಯಾಲೋಜನ್ ಕಳಚುವಿಕೆ.
2. ಕಳಚುವ ಕ್ರಮ: ಅಯೋಡಿನ್, ಬ್ರೋಮಿನ್, ಕ್ಲೋರಿನ್. ಫ್ಲೋರಿನ್ ಬಹಳ ಹಿಂದೆ.
3. ಪೆಲ್ಲಾಡಿಯಂ ಮತ್ತು ಪ್ರತ್ಯಾಮ್ಲ ಇದ್ದರೆ ಕಳಚುವಿಕೆ ಹೆಚ್ಚು. ಪ್ಲಾಟಿನಂ, ರೋಡಿಯಂನಲ್ಲಿ ಕಡಿಮೆ.
4. ಪ್ರಶ್ನೆಯಲ್ಲಿ ಲೋಹ, ಹೈಡ್ರೋಜನ್ ಪ್ರಮಾಣ, ಪ್ರತ್ಯಾಮ್ಲ ಈ ಮೂರನ್ನು ಹುಡುಕಿ. ಯಾವುದೂ ಇಲ್ಲದಿದ್ದರೆ ಸಂಕಲನದ ಉತ್ತರ ಬರೆಯಿರಿ. ವಿವರಿಸಿ ಬರೆಯುವ ಪ್ರಶ್ನೆಯಾದರೆ ಎರಡನೇ ದಾರಿಯನ್ನೂ ಒಂದು ಸಾಲಿನಲ್ಲಿ ಹೇಳಿ.

ನೀವೇ ಮಾಡಿ ನೋಡಿ

ಅ. ಒಂದೇ ಆಲ್ಕೀನ್‌ನ ದ್ವಿಬಂಧದ ಮೇಲೆ ಒಂದು ಕ್ಲೋರಿನ್, ಒಂದು ಫ್ಲೋರಿನ್ ಇವೆ. ಪೆಲ್ಲಾಡಿಯಂ, ಹೈಡ್ರೋಜನ್, ಪ್ರತ್ಯಾಮ್ಲ ಕೊಟ್ಟರೆ ಮೊದಲು ಹೋಗುವುದು ಯಾವುದು?
ಆ. ಟೆಟ್ರಾಕ್ಲೋರೋಎಥಿಲೀನ್ ಡ್ರೈಕ್ಲೀನಿಂಗ್‌ನಲ್ಲಿ ಬಳಸುವ ದ್ರವ. ಅದನ್ನು ಪೂರ್ತಿ ಈಥೇನ್ ಮಾಡಲು ಎಷ್ಟು ಹೈಡ್ರೋಜನ್ ಅಣು ಬೇಕು?
ಇ. ರೋಸೆನ್‌ಮುಂಡ್ ಅಪಕರ್ಷಣದಲ್ಲಿ ಕಳಚಿದ ಕ್ಲೋರಿನ್ ಯಾವ ರೂಪದಲ್ಲಿ ಹೊರಬರುತ್ತದೆ?

ಉತ್ತರಗಳು: ಅ. ಕ್ಲೋರಿನ್. ಆ. ಐದು, ಜೊತೆಗೆ ನಾಲ್ಕು ಹೈಡ್ರೋಜನ್ ಕ್ಲೋರೈಡ್ ಸಿಗುತ್ತವೆ. ಇ. ಹೈಡ್ರೋಜನ್ ಕ್ಲೋರೈಡ್.

ಸೈನ್ಸ್ ವಿಭಾಗದ ಗೆಳೆಯರೇ, ತಪ್ಪಿದ್ದರೆ ತಿದ್ದಿ. ಕಾಮರ್ಸ್ ಗೆಳೆಯರೇ, ಮುಂದಿನ ಸಲ ಇನ್‌ವಾಯ್ಸ್‌ನಲ್ಲಿ ಒಂದು ಸೊನ್ನೆ ಹೆಚ್ಚು ಕಂಡರೆ, ಅದು ಯಾಕೆ ಬಂತು ಎಂದು ಒಮ್ಮೆ ಕೇಳಿ ನೋಡಿ.